ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ದೆವ್ವದ ಸಿನಿಮಾ ಯಾಕೆ ಹೆದರಿಸುವುದಿಲ್ಲ?

ಇತ್ತೀಚೆಗೆ ನೋಡಿದ ಹಾರರ್ ಮತ್ತು ಕ್ಲಾಸಿಕ್ ಸಿನಿಮಾಗಳ ಬಗ್ಗೆ ಬರೆಯಿರಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಮೆಚ್ಚುಗೆಯೂ ಇದೆ, ಜಗಳವೂ ಇದೆ. ಆದರೆ ಮತ್ತೆ ಮತ್ತೆ ಕಂಡ ದೂರು ಒಂದೇ: ‘ಇಷ್ಟು ಹೆಸರಿದೆ, ಆದರೂ ಭಯವಾಗಲಿಲ್ಲ.’ ಅದಕ್ಕೇ ಮೊದಲ ಜಾಗ.

ಪ್ರಶ್ನೆ: 1922ರ ‘ನೊಸ್ಫೆರಾಟು’ ನೋಡಿದೆ. ಹೆದರಿಕೆಯಿರಲಿ, ನಗು ಬಂತು. ಪಾತ್ರಗಳೆಲ್ಲ ಗಡಿಬಿಡಿಯಲ್ಲಿ ಪಟಪಟ ಓಡಾಡುತ್ತವೆ. ಬಿಸಿಲು ತಾಗಿದರೆ ಸಾಯುವ ರಕ್ತಪಿಪಾಸು ಹಾಡುಹಗಲಲ್ಲೇ ಶವಪೆಟ್ಟಿಗೆ ಹೊತ್ತು ಊರೊಳಗೆ ಬರುತ್ತಾನೆ. ಇದು ಮೇರುಕೃತಿ ಹೇಗೆ?

ಉತ್ತರ: ನಿಮ್ಮ ಎರಡೂ ದೂರು ಸರಿಯೇ. ಆದರೆ ಅವು ಸಲ್ಲಬೇಕಾದದ್ದು ನಿಮಗೆ ಸಿಕ್ಕ ಪ್ರತಿಗೆ, ಸಿನಿಮಾಕ್ಕಲ್ಲ.

ಮೊದಲು ವೇಗದ ವಿಷಯ. ಮೂಕಿ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20 ಫ್ರೇಮ್‌ಗಳ (ಅಂದರೆ ಬಿಡಿ ಚಿತ್ರಗಳ) ಆಸುಪಾಸು. ಮಾತು ಬಂದ ಮೇಲೆ 24 ಫ್ರೇಮ್ ಎಂಬುದು ಖಾಯಂ ಆಯಿತು. 18ರ ಲೆಕ್ಕದಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ನಡಿಗೆ ಓಟವಾಗುತ್ತದೆ, ಓಟ ಕುಣಿತವಾಗುತ್ತದೆ. ನಿಮ್ಮ ಪ್ರತಿ ಎಷ್ಟು ನಿಮಿಷದ್ದು ನೋಡಿ. ಸರಿಯಾದ ವೇಗದಲ್ಲಿ ಪುನರುದ್ಧರಿಸಿದ ಪ್ರತಿ ಸುಮಾರು 94 ನಿಮಿಷ ಓಡುತ್ತದೆ. ಅದೇ ಚಿತ್ರವನ್ನು 24 ಫ್ರೇಮ್‌ನಲ್ಲಿ ಓಡಿಸಿದರೆ 70 ನಿಮಿಷಕ್ಕೆ ಮುಗಿದುಹೋಗುತ್ತದೆ. ಬೇರೆ ಪ್ರತಿ ಸಿಗದಿದ್ದರೆ ಪ್ಲೇಯರ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿ, ಅಂಟಿಸಿದ ಸಂಗೀತವನ್ನು ಮ್ಯೂಟ್ ಮಾಡಿ ನೋಡಿ. 24ರ ಮುಕ್ಕಾಲು ಎಂದರೆ ಸರಿಯಾಗಿ 18. ಒಂದೇ ನಿಮಿಷದಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಇನ್ನು ಹಗಲಿನ ಮಾತು. ಆ ಕಾಲದ ಫಿಲ್ಮಿಗೆ ರಾತ್ರಿಯ ಬೆಳಕು ಸಾಲುತ್ತಿರಲಿಲ್ಲ. ಹಗಲಲ್ಲೇ ಚಿತ್ರೀಕರಿಸಿ, ರಾತ್ರಿಯ ದೃಶ್ಯಗಳ ಪ್ರಿಂಟನ್ನು ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ನೀಲಿ ಕಂಡರೆ ರಾತ್ರಿ, ಹಳದಿ ಅಥವಾ ಕಂದು ಕಂಡರೆ ಹಗಲು ಇಲ್ಲವೇ ದೀಪದ ಬೆಳಕು, ಗುಲಾಬಿ ಕಂಡರೆ ಮುಂಜಾವು. ಅಂದಿನ ಪ್ರೇಕ್ಷಕರಿಗೆ ಇದು ತಾನಾಗಿ ಅರ್ಥವಾಗುತ್ತಿತ್ತು. ಬಣ್ಣ ಕಳೆದು ಬರೀ ಕಪ್ಪು ಬಿಳುಪಾದ ಪ್ರತಿಯಲ್ಲಿ ಕತೆಯ ಕಟ್ಟೇ ಕಳಚಿಬೀಳುತ್ತದೆ. ಬಿಸಿಲಿಗೆ ರಕ್ತಪಿಪಾಸು ಸಾಯುತ್ತಾನೆ ಎಂಬುದೂ ಈ ಸಿನಿಮಾ ಹುಟ್ಟುಹಾಕಿದ ಕಲ್ಪನೆ. ಬ್ರಾಮ್ ಸ್ಟೋಕರ್‌ನ 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ರಕ್ತಪಿಪಾಸು ಕೌಂಟ್ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಮಾತ್ರ ಕುಂದಿರುತ್ತದೆ. ಆ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ಸ್ಟೋಕರ್‌ನ ಪತ್ನಿ ನ್ಯಾಯಾಲಯಕ್ಕೆ ಹೋದರು. 1925ರಲ್ಲಿ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ಆದೇಶವಾಯಿತು. ಬೇರೆ ಬೇರೆ ದೇಶಗಳಲ್ಲಿ ಉಳಿದುಕೊಂಡ ಪ್ರತಿಗಳಿಂದ ಇದನ್ನು ಮತ್ತೆ ಜೋಡಿಸಬೇಕಾಯಿತು. ಇಷ್ಟೊಂದು ಬಗೆಯ ಪ್ರತಿಗಳು ಸುತ್ತಾಡುತ್ತಿರುವುದು ಅದರಿಂದಲೇ.

ಒಂದು ಎಚ್ಚರಿಕೆ: ಕೋಟೆಗೆ ಹೋಗುವ ಸಾರೋಟು ಮಾತ್ರ ಬೇಕೆಂದೇ ವೇಗವಾಗಿ, ತುಂಡುತುಂಡಾಗಿ ಓಡುತ್ತದೆ. ಕಾಡು ನೆಗೆಟಿವ್‌ನಂತೆ ಬೆಳ್ಳಗೆ ಕಾಣುವುದೂ ನಿರ್ದೇಶಕ ಮುರ್ನಾವ್ ಉದ್ದೇಶಪೂರ್ವಕವಾಗಿ ಮಾಡಿದ್ದು. ಅದನ್ನು ದೋಷವೆಂದು ತಿಳಿಯಬೇಡಿ. ಸರಿಯಾದ ಪ್ರತಿ ಸಿಕ್ಕಾಗ ಹಡಗಿನ ಅಡಿಮನೆಯ ದೃಶ್ಯಕ್ಕೆ ಕಾಯಿರಿ. ಕೌಂಟ್ ಮಂಡಿ ಮಡಿಸದೆ, ಕೈ ಊರದೆ, ಹಲಗೆ ಎತ್ತಿ ನಿಲ್ಲಿಸಿದಂತೆ ಪೆಟ್ಟಿಗೆಯಿಂದ ನೆಟ್ಟಗೆ ಎದ್ದು ನಿಲ್ಲುತ್ತಾನೆ. ಸರಿಯಾದ ವೇಗದಲ್ಲಿ ನೋಡಿದರೆ ಮೈ ಜುಮ್ಮೆನ್ನದೆ ಇರುವುದಿಲ್ಲ.

ಪ್ರಶ್ನೆ: ಹೊಸ ದೊಡ್ಡ ಟಿವಿಯಲ್ಲಿ ಹಳೆಯ ಹಾರರ್ ಸಿನಿಮಾಗಳು ಧಾರಾವಾಹಿಯಂತೆ ಕಾಣುತ್ತವೆ. ಕತ್ತಲ ದೃಶ್ಯ ಬೂದುಬೂದು, ಇಲ್ಲವೇ ಪೂರ್ತಿ ಕಪ್ಪು. ಏನು ಮಾಡಲಿ?

ಉತ್ತರ: ಧಾರಾವಾಹಿಯಂತೆ ಕಾಣಲು ಕಾರಣ ಮೋಷನ್ ಸ್ಮೂದಿಂಗ್. 24 ಫ್ರೇಮ್‌ಗಳ ನಡುವೆ ಟಿವಿ ತಾನೇ ಹೊಸ ಫ್ರೇಮ್‌ಗಳನ್ನು ಕಲ್ಪಿಸಿ ತುರುಕುತ್ತದೆ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಪೂರ್ತಿ ಆಫ್ ಮಾಡಿ. ಪಿಕ್ಚರ್ ಮೋಡ್ ವಿವಿಡ್‌ನಲ್ಲಿದ್ದರೆ ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಬದಲಿಸಿ. ನಾಯ್ಸ್ ರಿಡಕ್ಷನ್ ಕೂಡ ಬೇಡ. ಅದು ಫಿಲ್ಮಿನ ಕಣಗಳನ್ನು ಕೊಳೆಯೆಂದು ಬಗೆದು ಒರೆಸಿ, ಮುಖಗಳನ್ನು ಮೇಣದ ಬೊಂಬೆ ಮಾಡುತ್ತದೆ. ಕೋಣೆಯ ಬೆಳಕು ನೋಡಿ ಪರದೆಯನ್ನು ತಾನೇ ಮಂಕು ಮಾಡುವ ಇಕೋ ಸೆನ್ಸರ್ ಇದ್ದರೆ ಅದನ್ನೂ ಆರಿಸಿ.

ಬೂದು ಮತ್ತು ಕಪ್ಪಿನ ತೊಂದರೆ ಹೆಚ್ಚಾಗಿ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ (ಕಪ್ಪಿನ ಮಟ್ಟ) ಎಂಬ ಸೆಟ್ಟಿಂಗ್‌ನಿಂದ ಬರುತ್ತದೆ. ಪ್ಲೇಯರ್ ಲಿಮಿಟೆಡ್ ರೇಂಜ್ ಕಳಿಸುತ್ತಿದ್ದು ಟಿವಿ ಫುಲ್ ಎಂದುಕೊಂಡರೆ ಕಪ್ಪೆಲ್ಲ ಬೂದಾಗುತ್ತದೆ. ತಿರುಗಾಮುರುಗಾ ಆದರೆ ನೆರಳಿನೊಳಗಿನ ವಿವರ ಕಪ್ಪಿನಲ್ಲಿ ಮುಳುಗುತ್ತದೆ. ಎರಡೂ ಕಡೆ ಒಂದೇ ಆಯ್ಕೆ ಇರಲಿ, ಇಲ್ಲವೇ ಎರಡನ್ನೂ ಆಟೋಗೆ ಬಿಡಿ. ಆಮೇಲೆ ಮೇಲೆ ಕೆಳಗೆ ಕಪ್ಪು ಪಟ್ಟಿ ಇರುವ ಅಗಲ ಪರದೆಯ ಸಿನಿಮಾದಲ್ಲಿ ಒಂದು ಕತ್ತಲ ದೃಶ್ಯಕ್ಕೆ ಪಾಸ್ ಒತ್ತಿ. ಪಟ್ಟಿ ಬೂದಾಗುವವರೆಗೆ ಬ್ರೈಟ್‌ನೆಸ್ ಏರಿಸಿ, ಮತ್ತೆ ಸರಿಯಾಗಿ ಕಪ್ಪಾಗುವ ಬಿಂದುವಿಗೆ ಇಳಿಸಿ, ಅಲ್ಲೇ ನಿಲ್ಲಿಸಿ. ಕಪ್ಪು ಕೋಟಿನ ಮಡಿಕೆಗಳು ಕಾಣಬೇಕು, ಪಟ್ಟಿ ಹೊಳೆಯಬಾರದು. ಬ್ಯಾಕ್‌ಲೈಟ್ ಎಂಬುದು ಬೇರೆಯೇ ಗುಂಡಿ. ಕೆಲವು ಟಿವಿಗಳಲ್ಲಿ ಬ್ರೈಟ್‌ನೆಸ್ ಎಂಬ ಹೆಸರು ಬ್ಯಾಕ್‌ಲೈಟಿಗೇ ಇರುತ್ತದೆ, ಹಾಗಿದ್ದರೆ ಬ್ಲ್ಯಾಕ್ ಲೆವೆಲ್ ಎಂದಿರುವುದನ್ನು ಮುಟ್ಟಿ.

ಸಿನಿಮಾ ಶುರುವಾಗುವ ಹತ್ತು ನಿಮಿಷ ಮೊದಲೇ ದೀಪ ಆರಿಸಿ ಫೋನ್ ಕೆಳಗಿಡಿ. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಅಷ್ಟು ಹೊತ್ತು ಬೇಕು. ನಡುವೆ ಒಮ್ಮೆ ಫೋನ್ ನೋಡಿದರೂ ಆ ಹೊಂದಿಕೆ ಕೆಡುತ್ತದೆ.

ಪ್ರಶ್ನೆ: ಈಗಿನ ಸಿನಿಮಾಗಳಲ್ಲಿ ಐದು ನಿಮಿಷಕ್ಕೊಮ್ಮೆ ‘ಢಂ’ ಎನ್ನಿಸಿ ಬೆಚ್ಚಿಬೀಳಿಸುತ್ತಾರೆ. ಬೆಚ್ಚುತ್ತೇನೆ ನಿಜ, ಆದರೆ ಭಯವಾಗುವುದಿಲ್ಲ, ಸಿಟ್ಟು ಬರುತ್ತದೆ. ಹಳಬರು ಇದನ್ನು ಮಾಡುತ್ತಿರಲಿಲ್ಲವೇ?

ಉತ್ತರ: ಮಾಡುತ್ತಿದ್ದರು, ಬಹಳ ಚೆನ್ನಾಗಿ ಮಾಡುತ್ತಿದ್ದರು. ಈ ತಂತ್ರದ ಅತಿ ಪ್ರಸಿದ್ಧ ಮಾದರಿ 1942ರ ‘ಕ್ಯಾಟ್ ಪೀಪಲ್’. ನಿರ್ಮಾಪಕ ವಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟೂರ್ನರ್, ಸಂಕಲನಕಾರ ಮಾರ್ಕ್ ರಾಬ್ಸನ್. ಇಡೀ ಚಿತ್ರ 73 ನಿಮಿಷ.

ಆ ದೃಶ್ಯವನ್ನು ಬಿಡಿಸಿ ನೋಡೋಣ. ರಾತ್ರಿ, ಪಾರ್ಕಿನ ಪಕ್ಕದ ಕಲ್ಲುಗೋಡೆ, ದೂರದೂರಕ್ಕೆ ಬೀದಿದೀಪ. ಒಬ್ಬ ಹೆಂಗಸು ನಡೆದು ಹೋಗುತ್ತಿದ್ದಾಳೆ, ಇನ್ನೊಬ್ಬಳು ಹಿಂಬಾಲಿಸುತ್ತಿದ್ದಾಳೆ. ಸಂಗೀತವೇ ಇಲ್ಲ, ಎರಡು ಜೊತೆ ಹಿಮ್ಮಡಿ ಬೂಟುಗಳ ಟಕಟಕ ಮಾತ್ರ. ದೀಪದ ಬೆಳಕಿನ ವೃತ್ತಕ್ಕೆ ಮೊದಲಿನವಳು ಬರುತ್ತಾಳೆ, ಕತ್ತಲಿಗೆ ಹೋಗುತ್ತಾಳೆ. ಆಮೇಲೆ ಎರಡನೆಯವಳು. ಹೀಗೆ ಕೆಲವು ಸಲ ಆದ ಮೇಲೆ ಹಿಂದಿನ ಹೆಜ್ಜೆಯ ಸದ್ದು ನಿಂತುಹೋಗುತ್ತದೆ. ದೀಪದಡಿ ಯಾರೂ ಬರುವುದಿಲ್ಲ. ಮುಂದಿನವಳು ತಿರುಗಿ ನೋಡುತ್ತಾಳೆ, ಹೆಜ್ಜೆ ಬಿರುಸಾಗುತ್ತದೆ, ಓಡುತ್ತಾಳೆ. ಆಗ ಹುಲಿ ಬುಸುಗುಟ್ಟಿದಂತೆ ಒಂದು ಸದ್ದು ಚೌಕಟ್ಟಿನೊಳಕ್ಕೆ ನುಗ್ಗುತ್ತದೆ. ಬಂದದ್ದು ಬಸ್ಸು. ಸದ್ದು ಅದರ ಬ್ರೇಕಿನದು. ಈ ತಂತ್ರಕ್ಕೆ ‘ಲ್ಯೂಟನ್ ಬಸ್’ ಎಂಬ ಹೆಸರೇ ನಿಂತಿತು.

ಇಲ್ಲಿ ಕೆಲಸ ಮಾಡಿದ್ದು ಬಸ್ಸಿಗಿಂತ ಮೊದಲಿನ ಮೌನ. ನಮ್ಮ ಕಿವಿಯನ್ನು ಹೆಜ್ಜೆಗಳ ಲಯಕ್ಕೆ ಕಟ್ಟಿಹಾಕಿ, ಆ ಲಯವನ್ನು ಸದ್ದಿಲ್ಲದೆ ಕಿತ್ತುಕೊಂಡರು. ಅಲ್ಲಿಂದ ಮುಂದೆ ಹುಡುಕುವ ಕೆಲಸವೆಲ್ಲ ನಮ್ಮದೇ. ಈಗಿನ ಹಲವು ಸಿನಿಮಾಗಳು ಎಡವುವುದು ಇಲ್ಲಿಯೇ: ಮೌನ ಬಂದ ಕೂಡಲೇ ‘ಈಗ ಏನೋ ಬರುತ್ತದೆ’ ಎಂದು ಪ್ರೇಕ್ಷಕ ಸಜ್ಜಾಗುತ್ತಾನೆ, ಏಕೆಂದರೆ ಮೌನಕ್ಕೆ ಕತೆಯೊಳಗೆ ಕಾರಣವಿರುವುದಿಲ್ಲ. ಬರುವ ಸದ್ದಿಗೂ ಕಾರಣವಿಲ್ಲ, ವಾದ್ಯವೃಂದದ ಒಂದು ಹೊಡೆತ ಅಷ್ಟೆ. ಬೆಚ್ಚುವುದು ದೇಹದ ಪ್ರತಿಕ್ರಿಯೆ, ತಲೆಯ ಹಿಂದೆ ಚಪ್ಪಾಳೆ ತಟ್ಟಿದರೂ ಬೆಚ್ಚುತ್ತೇವೆ. ನಿಮಗೆ ಸಿಟ್ಟು ಬರುವುದು ನ್ಯಾಯವೇ.

ಟಿವಿಯಲ್ಲಿ ನೈಟ್ ಮೋಡ್ ಅಥವಾ ಆಟೋ ವಾಲ್ಯೂಮ್ ಆನ್ ಇದ್ದರೆ ಈ ದೃಶ್ಯ ಸತ್ತಂತೆಯೇ. ಅದು ಮೆಲ್ಲನೆಯ ಸದ್ದನ್ನು ಏರಿಸಿ ಜೋರಿನದನ್ನು ತಗ್ಗಿಸುತ್ತದೆ, ಹೆಜ್ಜೆಯೂ ಬಸ್ಸೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ಸಾಧಾರಣ ಮಾತುಕತೆ ಸ್ಪಷ್ಟವಾಗಿ ಕೇಳುವ ಮಟ್ಟಕ್ಕೆ ವಾಲ್ಯೂಮ್ ಇಟ್ಟು, ಆಮೇಲೆ ರಿಮೋಟ್ ದೂರವಿಡಿ. ಡಿಸ್ಕಿನಲ್ಲಿ ಮೂಲ ಮೊನೊ (ಒಂದೇ ವಾಹಿನಿಯ) ಟ್ರ್ಯಾಕ್ ಮತ್ತು ಹೊಸ 5.1 (ಸುತ್ತಲಿಂದ ಬರುವ ಸದ್ದಿನ) ಟ್ರ್ಯಾಕ್ ಎರಡೂ ಇದ್ದರೆ ಮೊದಲ ಸಲಕ್ಕೆ ಮೊನೊ ಆಯ್ದುಕೊಳ್ಳಿ.

ಪ್ರಶ್ನೆ: ‘ಸೈಕೋ’ದ ಶವರ್ ದೃಶ್ಯ ನೂರು ಕಡೆ ನೋಡಿಯಾಗಿದೆ. ಈಗ ಇಡೀ ಸಿನಿಮಾ ನೋಡಿದೆ, ಆ ದೃಶ್ಯ ಏನೂ ಅನ್ನಿಸಲಿಲ್ಲ. ನನ್ನಲ್ಲೇ ದೋಷವೇ?

ಉತ್ತರ: ಇಲ್ಲ. ಆ ದೃಶ್ಯದ ಪೆಟ್ಟು ಇರುವುದು ಕತೆಯಲ್ಲಿ. ಯಾರ ಕತೆ ಎಂದು ನಂಬಿ ಕೂತಿರುತ್ತೇವೋ ಅವಳೇ ಅರ್ಧ ಸಿನಿಮಾಕ್ಕೆ ಮೊದಲು ಹೋಗಿಬಿಡುತ್ತಾಳೆ. 1960ರಲ್ಲಿ ನಿರ್ದೇಶಕ ಹಿಚ್‌ಕಾಕ್, ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂದು ಚಿತ್ರಮಂದಿರಗಳಿಗೆ ನಿಯಮ ಹಾಕಿದ್ದೂ ಅದಕ್ಕಾಗಿಯೇ. ಆ ಅಚ್ಚರಿ ನಿಮಗೆ ಮೊದಲೇ ಖರ್ಚಾಗಿದೆ. ಉಳಿದಿರುವುದು ಕೈಕೆಲಸ, ಅದನ್ನು ನೋಡಿ. ಮುಕ್ಕಾಲು ನಿಮಿಷದ ಆ ಕೊಲೆಗೆ ಚಿತ್ರೀಕರಣ ಏಳು ದಿನ ಹಿಡಿಯಿತು. ರಕ್ತವಾಗಿ ಬಳಸಿದ್ದು ಚಾಕೊಲೇಟ್ ಸಿರಪ್, ಕಪ್ಪು ಬಿಳುಪಿನಲ್ಲಿ ಅದೇ ಸರಿಯಾದ ಗಾಢತೆ ಕೊಡುತ್ತದೆ. ಇರಿತದ ಸದ್ದು ಕರಬೂಜದ ಜಾತಿಯ ಹಣ್ಣಿಗೆ ಚಾಕು ಚುಚ್ಚಿ ಹಿಡಿದದ್ದು. ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಇಡೀ ಚಿತ್ರಕ್ಕೆ ತಂತಿವಾದ್ಯಗಳನ್ನಷ್ಟೇ ಬಳಸಿದರು. ಈ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದ ಹಿಚ್‌ಕಾಕ್, ಹರ್ಮನ್ ಬರೆದದ್ದನ್ನು ಕೇಳಿ ಮನಸ್ಸು ಬದಲಿಸಿದರು. ದೃಶ್ಯವನ್ನು ಒಮ್ಮೆ ಸದ್ದಿಲ್ಲದೆ, ಒಮ್ಮೆ ಕಣ್ಣು ಮುಚ್ಚಿ ಬರೀ ಸದ್ದಿನಲ್ಲಿ ಅನುಭವಿಸಿ. ಎರಡನೆಯದೇ ಹೆಚ್ಚು ಹೆದರಿಸುತ್ತದೆ.

ಅಚ್ಚರಿ ಕೆಡದ ಚಿತ್ರವೇ ಬೇಕಿದ್ದರೆ ಕ್ಲೂಜೋ ನಿರ್ದೇಶನದ 1955ರ ‘ಡಯಾಬೊಲಿಕ್’ ನೋಡಿ. ಕತೆಯ ಸಾರಾಂಶವನ್ನೂ ಓದಬೇಡಿ. ಅಂತ್ಯವನ್ನು ಗೆಳೆಯರಿಗೆ ಹೇಳಬೇಡಿ ಎಂದು ಚಿತ್ರವೇ ಕೊನೆಯಲ್ಲಿ ಕೇಳಿಕೊಳ್ಳುತ್ತದೆ.

ಪ್ರಶ್ನೆ: ‘ದಿ ಎಕ್ಸಾರ್ಸಿಸ್ಟ್’ 122 ನಿಮಿಷದ್ದೂ ಇದೆ, 132 ನಿಮಿಷದ್ದೂ ಇದೆ. ‘ದಿ ಶೈನಿಂಗ್’ 144 ಮತ್ತು 119. ಯಾವುದನ್ನು ನೋಡಬೇಕು?

ಉತ್ತರ: ‘ಎಕ್ಸಾರ್ಸಿಸ್ಟ್’ ಮೊದಲ ಸಲವಾದರೆ 1973ರ 122 ನಿಮಿಷದ್ದು. 2000ದಲ್ಲಿ ಬಂದ ಉದ್ದದ ಆವೃತ್ತಿಯಲ್ಲಿ ಹುಡುಗಿ ಬೆನ್ನು ಬಗ್ಗಿಸಿ ಜೇಡದಂತೆ ಮೆಟ್ಟಿಲಿಳಿಯುವ ದೃಶ್ಯವಿದೆ, ಕತ್ತಲಲ್ಲಿ ಮಿಂಚಿ ಮಾಯವಾಗುವ ಮುಖಗಳನ್ನೂ ಹೆಚ್ಚಿಸಿದ್ದಾರೆ. ಈ ಸೇರ್ಪಡೆ ಚಿತ್ರದ ಬಿಗಿಯನ್ನು ಸಡಿಲಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಇಬ್ಬರು ಪಾದ್ರಿಗಳು ಮೆಟ್ಟಿಲ ಮೇಲೆ ಕೂತು ಆಡುವ ಮಾತು ಮಾತ್ರ ಒಳ್ಳೆಯ ಲಾಭ, ಅದಕ್ಕಾಗಿ ಎರಡನೆಯ ಸಲ ಉದ್ದದ್ದನ್ನು ನೋಡಿ. ಕೋಣೆಯಲ್ಲಿ ಅವರ ಬಾಯಿಂದ ಹೊರಡುವ ಹಬೆ ನಿಜವಾದದ್ದು. ಇಡೀ ಸೆಟ್ಟನ್ನೇ ಶೈತ್ಯಾಗಾರದಂತೆ ತಣ್ಣಗಾಗಿಸಿ ಚಿತ್ರೀಕರಿಸಿದ್ದರು.

‘ಶೈನಿಂಗ್’ 144 ನಿಮಿಷದ್ದೇ ಇರಲಿ. ಚಿಕ್ಕದನ್ನೂ ನಿರ್ದೇಶಕ ಕುಬ್ರಿಕ್ ತಾವೇ ಕತ್ತರಿಸಿದ್ದರು ನಿಜ, ಆದರೆ ಅದರಲ್ಲಿ ಆರಂಭದಲ್ಲಿ ಹುಡುಗನನ್ನು ನೋಡಲು ವೈದ್ಯೆ ಬರುವ ದೃಶ್ಯವಿಲ್ಲ. ತಂದೆ ಹಿಂದೆ ಏನು ಮಾಡಿದ್ದ ಎಂಬುದು ತಾಯಿಯ ಬಾಯಿಂದ ತಡವರಿಸುತ್ತ ಹೊರಬರುವುದು ಅಲ್ಲಿಯೇ. ಅದು ಹೋದರೆ ಮನೆಯೊಳಗಿನ ಭಯದ ಬೇರೇ ಹೋದಂತೆ. ಹುಡುಗ ಮೂರು ಚಕ್ರದ ಸೈಕಲ್ ತುಳಿಯುವ ದೃಶ್ಯದಲ್ಲಿ ಕಿವಿಗೊಡಿ: ಮರದ ನೆಲದ ಮೇಲೆ ಗಡಗಡ, ಕಾರ್ಪೆಟ್ ಬಂದಾಗ ಮೌನ, ಮತ್ತೆ ಗಡಗಡ. ಗ್ಯಾರೆಟ್ ಬ್ರೌನ್‌ರ ಸ್ಟೆಡಿಕ್ಯಾಮ್ (ಅಲುಗಾಟ ತಡೆಯುವ ಕ್ಯಾಮೆರಾ ಸಾಧನ) ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಹಿಂದೆಯೇ ಬರುತ್ತದೆ. ‘ಕ್ಯಾಟ್ ಪೀಪಲ್’ನ ಹೆಜ್ಜೆಗಳ ಕುಟುಂಬಕ್ಕೇ ಸೇರಿದ್ದು ಇದು.

ಇನ್ನೊಂದು ಮಾತು. 144ರ ಬದಲು 138 ನಿಮಿಷ ಕಂಡರೆ ಯಾವ ದೃಶ್ಯವೂ ಹೋಗಿಲ್ಲ. ಹಳೆಯ ಪಾಲ್ (ಯುರೋಪ್, ಭಾರತದ ಟಿವಿ ಪದ್ಧತಿ) ಡಿವಿಡಿಗಳು 24ರ ಬದಲು 25 ಫ್ರೇಮ್‌ಗಳಲ್ಲಿ ಓಡುತ್ತವೆ, ಪ್ರತಿ ನೂರು ನಿಮಿಷಕ್ಕೆ ನಾಲ್ಕು ಕಡಿಮೆಯಾಗುತ್ತದೆ. ದನಿಯೂ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಪ್ರಮಾಣದಲ್ಲಿ ಏರಬಹುದು. ಸಂಗೀತದ ಕಿವಿ ಇರುವವರಿಗೆ ಅದು ಗೊತ್ತಾಗುತ್ತದೆ.

ಪ್ರಶ್ನೆ: ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಲ್ಲೆಲ್ಲೂ ಪುಕ್ಕಟೆ ಸಿಗುತ್ತದೆ, ಆದರೆ ಎಲ್ಲವೂ ಮಸುಕು. ಯಾಕೆ?

ಉತ್ತರ: 1968ರಲ್ಲಿ ಬಿಡುಗಡೆಗೆ ಮೊದಲು ಹೆಸರು ಬದಲಾಯಿತು. ಹೊಸ ಶೀರ್ಷಿಕೆ ಹಾಕುವಾಗ ಹಳೆಯ ಶೀರ್ಷಿಕೆಯ ಜೊತೆಗಿದ್ದ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ಹಾಗಾಗಿ ಯಾರು ಬೇಕಾದರೂ ನಕಲಿನ ನಕಲು ಮಾಡಿದರು. ಮೂಲ ನೆಗೆಟಿವ್‌ನಿಂದ ಮಾಡಿದ 4ಕೆ ಪುನರುದ್ಧಾರ 2016ರಲ್ಲಿ ಬಂತು, ಅದನ್ನೇ ಹುಡುಕಿ. ಬಣ್ಣ ಹಚ್ಚಿದ ಆವೃತ್ತಿಗಳ ಹತ್ತಿರ ಹೋಗಬೇಡಿ. ಅಂದಹಾಗೆ ಸತ್ತವರು ಎದ್ದು ಬರುವ ಈ ಚಿತ್ರದಲ್ಲಿ ಎಲ್ಲೂ ‘ಜೋಂಬಿ’ ಎಂಬ ಪದ ಬರುವುದಿಲ್ಲ.

ಪ್ರಶ್ನೆ: ‘ತೋರಿಸದೆ ಹೆದರಿಸುವುದೇ ಶ್ರೇಷ್ಠ’ ಎಂದು ನಿಮ್ಮ ಅಂಕಣ ಹೇಳುತ್ತಲೇ ಬಂದಿದೆ. 1963ರ ‘ದಿ ಹಾಂಟಿಂಗ್’ ನೋಡಿ ಮೆಚ್ಚಿದೆ. ಆದರೆ ಅದರ ಮರುದಿನ ನೋಡಿದ 1982ರ ‘ದಿ ಥಿಂಗ್’ ಎಲ್ಲವನ್ನೂ ತೋರಿಸುತ್ತದೆ, ನನಗೆ ನಿದ್ದೆ ಬರಲಿಲ್ಲ. ಈಗ ಏನಂತೀರಿ?

ಉತ್ತರ: ನಿಮ್ಮ ಮಾತನ್ನು ಒಪ್ಪುತ್ತೇವೆ. ತೋರಿಸಬೇಕೋ ಬಾರದೋ ಎಂಬುದನ್ನು ಆ ಸಿನಿಮಾದ ಭಯ ಯಾವುದರ ಬಗ್ಗೆ ಎಂಬುದು ತೀರ್ಮಾನಿಸಬೇಕು.

‘ಹಾಂಟಿಂಗ್’ನ ಭಯ ಒಬ್ಬಳ ಮನಸ್ಸಿನದು. ಮನೆಯಲ್ಲಿ ದೆವ್ವವಿದೆಯೋ ಅವಳಲ್ಲೇ ಇದೆಯೋ ಎಂಬುದು ತೀರದೆ ಉಳಿಯಬೇಕು. ಒಂದು ಆಕೃತಿ ತೋರಿಸಿದರೆ ಪ್ರಶ್ನೆ ಮುಗಿಯಿತು. ನಿರ್ದೇಶಕ ರಾಬರ್ಟ್ ವೈಸ್ ನಮಗೆ ಕೊಡುವುದು ಒಂದು ಬಾಗಿಲು. ಗಟ್ಟಿ ಮರದ ಬಾಗಿಲು ಆಚೆಯಿಂದ ಯಾರೋ ಒತ್ತಿದಂತೆ ಒಳಕ್ಕೆ ಉಬ್ಬುತ್ತದೆ, ಮತ್ತೆ ಇಳಿಯುತ್ತದೆ, ಉಸಿರಾಡಿದ ಹಾಗೆ. ಗೋಡೆಗಳು ಬಾಗಿದಂತೆ ಕಾಣಲು ಅವರು ಇನ್ನೂ ಪೂರ್ತಿ ಸಿದ್ಧವಾಗಿರದ, ಅಂಚು ಸೊಟ್ಟ ತೋರಿಸುವ 30 ಮಿಮೀ ಪ್ಯಾನಾವಿಷನ್ ಲೆನ್ಸನ್ನು ಬೇಕೆಂದೇ ಪಡೆದಿದ್ದರು. ವೈಸ್ ಪಳಗಿದ್ದು ಇದೇ ವಾಲ್ ಲ್ಯೂಟನ್ ಬಳಿ, 1940ರ ದಶಕದಲ್ಲಿ.

‘ಥಿಂಗ್’ನ ಭಯ ದೇಹದ್ದು: ಪಕ್ಕದಲ್ಲಿ ಕೂತವನ ಮೈ ಅವನದೇನಾ? ಆ ದೇಹ ಏನೆಲ್ಲ ಆಗಬಲ್ಲದು ಎಂದು ಒಮ್ಮೆಯಾದರೂ ಕಣ್ಣಾರೆ ಕಂಡರಷ್ಟೇ ಸುಮ್ಮನೆ ಕೂತ ಮನುಷ್ಯನನ್ನು ನೋಡಿದಾಗ ಎದೆ ಹೊಡೆದುಕೊಳ್ಳುತ್ತದೆ. ವಿಶೇಷ ಪರಿಣಾಮಗಳ ಕಲಾವಿದ ರಾಬ್ ಬಾಟಿನ್ ಇಪ್ಪತ್ತರ ಆರಂಭದ ವಯಸ್ಸಿನಲ್ಲಿ ರಬ್ಬರ್, ಲೋಳೆ, ತಂತಿ, ಯಂತ್ರಗಳಿಂದ ಮಾಡಿದ ರೂಪಗಳು ಇಂದಿಗೂ ಮಾಸಿಲ್ಲ, ಕಾರಣ ಬೆಳಕು ನಿಜವಾದ ವಸ್ತುವಿನ ಮೇಲೆ ಬಿದ್ದಿದೆ. ಆದರೂ ಅತ್ಯಂತ ಬಿಗಿಯಾದ ದೃಶ್ಯ ಯಾವುದು ಎಂದು ಯೋಚಿಸಿ. ಕುರ್ಚಿಗೆ ಕಟ್ಟಿಹಾಕಿದವರ ರಕ್ತದ ತಟ್ಟೆಗಳಿಗೆ ಕಾಯಿಸಿದ ತಂತಿ ಅದ್ದುವ ಪರೀಕ್ಷೆ. ಚುಯ್ ಎಂದರೆ ಮನುಷ್ಯ. ಹೆಚ್ಚಿನ ಹೊತ್ತು ಏನೂ ಆಗುವುದೇ ಇಲ್ಲ. ಕಾಯುವುದನ್ನು ನಿರ್ದೇಶಕ ಜಾನ್ ಕಾರ್ಪೆಂಟರ್‌ರೂ ಬಲ್ಲರು.

ತೋರಿಸಿ ಕೆಡಿಸಿದ್ದಕ್ಕೆ ಉದಾಹರಣೆ ಬೇಕಿದ್ದರೆ ಟೂರ್ನರ್‌ರದೇ 1957ರ ‘ನೈಟ್ ಆಫ್ ದಿ ಡೀಮನ್’. ಆರಂಭದಲ್ಲೇ ನಿರ್ಮಾಪಕರು ರಾಕ್ಷಸನ ಮುಖವನ್ನು ಹತ್ತಿರದಿಂದ ತೋರಿಸಿಬಿಟ್ಟರು. ದೆವ್ವ ಇದೆಯೋ ಇಲ್ಲವೋ ಎಂದು ನಾಯಕ ಸಿನಿಮಾವಿಡೀ ವಾದಿಸುತ್ತಾನೆ, ನಮಗೆ ಉತ್ತರ ಮೊದಲೇ ಗೊತ್ತು. ಅಷ್ಟಾದರೂ ಒಳ್ಳೆಯ ಚಿತ್ರ, ಬಿಡಬೇಡಿ.

ಪ್ರಶ್ನೆ: ‘ಕ್ವೈದಾನ್’ ಮೂರು ಗಂಟೆ. ಎರಡು ಸಲ ನಿದ್ದೆ ಬಂತು. ಇಷ್ಟು ನಿಧಾನ ಯಾಕೆ?

ಉತ್ತರ: ಕೊಬಯಾಶಿಯವರ ಈ ಜಪಾನಿ ಚಿತ್ರ 183 ನಿಮಿಷ, ನಾಲ್ಕು ಬಿಡಿ ಕತೆಗಳು. ಒಂದೇ ಕೂರಿಗೆ ನೋಡಬೇಕಿಲ್ಲ: ಮೊದಲ ರಾತ್ರಿ ‘ಕಪ್ಪು ಕೂದಲು’ ಮತ್ತು ‘ಹಿಮದ ಹೆಣ್ಣು’, ಮರುರಾತ್ರಿ ಉಳಿದೆರಡು. ಸುಮಾರು ಎರಡು ಗಂಟೆಯ ಪ್ರತಿ ಸಿಕ್ಕರೆ ‘ಹಿಮದ ಹೆಣ್ಣು’ ಇದೆಯೇ ನೋಡಿಕೊಳ್ಳಿ, ವಿದೇಶಿ ಬಿಡುಗಡೆಗೆ ಅದನ್ನೇ ಕಿತ್ತುಹಾಕಿದ್ದರು. ಆ ಕತೆಯಲ್ಲಿ ಆಕಾಶವನ್ನು ಪರದೆಯ ಮೇಲೆ ಬಿಡಿಸಿದ್ದಾರೆ, ಮೋಡಗಳ ಜಾಗದಲ್ಲಿ ಕಣ್ಣುಗಳಿವೆ. ಅದನ್ನು ಗಮನಿಸಿದ ಮೇಲೆ ನಿದ್ದೆ ಹತ್ತುವುದಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ. ಸಂಗೀತ ಮಾಡಿದ ತಕೆಮಿತ್ಸು ಮೊದಲ ಕತೆಯಲ್ಲಿ ಓಡುವ, ಬೀಳುವ ಸದ್ದುಗಳನ್ನೆಲ್ಲ ತೆಗೆದು ಮರ ಸೀಳುವ ಸದ್ದನ್ನು ಅಲ್ಲಲ್ಲಿ, ತಪ್ಪು ಕ್ಷಣಗಳಲ್ಲಿ ಇಟ್ಟಿದ್ದಾರೆ. ಟಿವಿಯ ಸಣ್ಣ ಸ್ಪೀಕರಿನಲ್ಲಿ ಅದು ಕೇಳಿಸುವುದೇ ಇಲ್ಲ.

ಪ್ರಶ್ನೆ: 1931ರ ‘ಡ್ರಾಕುಲಾ’ದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ನನ್ನ ಪ್ರತಿ ಹಾಳಾಗಿದೆಯೇ?

ಉತ್ತರ: ಹಾಳಾಗಿಲ್ಲ. ಮಾತಿನ ಚಿತ್ರಗಳ ಆರಂಭದ ಕಾಲ ಅದು, ಶೀರ್ಷಿಕೆಗೆ ‘ಸ್ವಾನ್ ಲೇಕ್’ ತುಣುಕು ಬಿಟ್ಟರೆ ಹಿನ್ನೆಲೆಯಲ್ಲಿ ಏನೂ ಇಲ್ಲ. ಫಿಲಿಪ್ ಗ್ಲಾಸ್ ಆಮೇಲೆ ಬರೆದ ಸಂಗೀತದ ಟ್ರ್ಯಾಕ್ ಕೆಲವು ಡಿಸ್ಕುಗಳಲ್ಲಿ ಇದೆ, ಅದನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ. ಅದೇ ಸೆಟ್ಟುಗಳಲ್ಲಿ ರಾತ್ರಿ ಹೊತ್ತು ಬೇರೆ ತಂಡ ಚಿತ್ರೀಕರಿಸಿದ ಸ್ಪ್ಯಾನಿಷ್ ‘ಡ್ರಾಕುಲಾ’ ಕೂಡ ಇದೆ. ಇಂಗ್ಲಿಷಿನದು 75 ನಿಮಿಷ, ಸ್ಪ್ಯಾನಿಷಿನದು 104ರ ಹತ್ತಿರ. ಕ್ಯಾಮೆರಾ ಕೆಲಸದಲ್ಲಿ ಸ್ಪ್ಯಾನಿಷಿನದೇ ಮೇಲು, ಆದರೆ ಅಲ್ಲಿ ಇಂಗ್ಲಿಷಿನದರ ಡ್ರಾಕುಲಾ ಪಾತ್ರಧಾರಿ ಬೇಲಾ ಲುಗೋಸಿ ಇಲ್ಲ.

ಪ್ರಶ್ನೆ: ಮನೆಯಲ್ಲಿ ಯಾರೂ ಕಪ್ಪು ಬಿಳುಪು ಸಿನಿಮಾ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ‘ಕ್ಯಾಟ್ ಪೀಪಲ್’ನಿಂದ. 73 ನಿಮಿಷ ಯಾರಿಗೂ ಭಾರವಲ್ಲ. ಅದು ಹಿಡಿಸಿದರೆ ‘ಹಾಂಟಿಂಗ್’, ಆಮೇಲೆ ‘ಸೈಕೋ’. ಮಕ್ಕಳು ಮಲಗಿದ ಮೇಲೆ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಮೂಕಿ ಚಿತ್ರಗಳನ್ನು ಕೊನೆಗಿಡಿ, ಅವಕ್ಕೆ ಕಣ್ಣು ಪಳಗಿರಬೇಕು. ಮೊದಲ ದಿನ ಮಾತ್ರ ಸಿನಿಮಾ ಹಾಕುವ ಮುಂಚೆ ಟಿವಿಯ ಮೋಷನ್ ಸ್ಮೂದಿಂಗ್ ಆರಿದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಕೆಲವು ಟಿವಿಗಳಲ್ಲಿ ಅದು ತಾನಾಗಿ ಮತ್ತೆ ಆನ್ ಆಗಿರುತ್ತದೆ.